ಹೆಬ್ಬಾಗಿಲ ಹನುಮಂತನಿಗೆ ಬಾಕಿ ಉಳಿದ ಕಾಯಿ

ಹುಬ್ಬಳ್ಳಿಯ ಈ ಆಸ್ಪತ್ರೆಯಲ್ಲಿ ಔಷಧದ ವಾಸನೆಯ ನಡುವೆ ಇನ್ನೊಂದು ವಾಸನೆ ಆಗಾಗ ಮೂಗಿಗೆ ಬರುತ್ತಿದೆ. ಮಂಚದ ಕೆಳಗಿನ ಕೈಚೀಲದಲ್ಲಿ ಸಿಂಗಾರ ಉಳಿದುಬಿಟ್ಟಿದೆ. ಸಿಂಗಾರವೆಂದರೆ ಅಡಿಕೆಯ ಹೂವು, ನಿಮಗೆ ಗೊತ್ತಿರಬಹುದು. ಮದುವೆಮನೆಯಲ್ಲಿ ಅದರ ಪರಿಮಳ ಎಲ್ಲರಿಗೂ ಇಷ್ಟ. ನನಗೆ ಮಾತ್ರ ಅದು ಬಂದರೆ ಎದೆಯಲ್ಲಿ ಅವಲಕ್ಕಿ ಕುಟ್ಟಿದಂತಾಗುತ್ತದೆ. ನಾಳೆ ಬೆಳಿಗ್ಗೆ ನನ್ನ ಆಪರೇಷನ್. ಕುತ್ತಿಗೆಯ ಗಂಟು ತೆಗೆದ ಮೇಲಷ್ಟೇ ಅದು ಎಂಥದ್ದೆಂದು ಗೊತ್ತಾಗುತ್ತದಂತೆ.

ಇಂಥದೇ ಗಂಟು ಆಯಿಗೂ, ಅಂದರೆ ನನ್ನ ಅಮ್ಮನಿಗೂ, ಆಗಿತ್ತು. ಆಗ ನಾನು ಶಿರಸಿಯಲ್ಲಿ ಕಾಲೇಜು ಓದುತ್ತಿದ್ದೆ. ತೊಂಬತ್ತರ ದಶಕದ ಮಾತು. ವಿಜ್ಞಾನ ಓದುವವಳೆಂಬ ಜಂಬ ನನಗೆ ಸ್ವಲ್ಪ ಹೆಚ್ಚೇ ಇತ್ತು. ಹುಬ್ಬಳ್ಳಿಗೆ ಹೋಗಲೇಬೇಕೆಂದು ಡಾಕ್ಟರು ಹೇಳಿದರೂ, ಹೆಬ್ಬಾಗಿಲ ಹನುಮಂತನ ಅಪ್ಪಣೆಯಾಗದೆ ಹೊರಡುವುದಿಲ್ಲವೆಂದು ಆಯಿ ಹಟ ಹಿಡಿದಳು. ಅಪ್ಪಯ್ಯ ಎರಡು ಮಾತು ಆಡಿ ಸುಮ್ಮನಾದ. ನಾನು ಜಗಳವಾಡಿ, ಅತ್ತು, ಕೊನೆಗೆ ನಾನೇ ಪೇಟೆಗೆ ಹೋಗಿ ಸಿಂಗಾರ ತಂದೆ. ಸಂಕಟ ಬಂದಾಗ ವೆಂಕಟರಮಣ.

ಶಿರಸಿಯಿಂದ ಅರ್ಧ ತಾಸಿನ ದಾರಿಯಲ್ಲಿ, ನಮ್ಮ ಮೂಲದ ಊರಿನಲ್ಲಿದೆ ಆ ಹೆಬ್ಬಾಗಿಲು. ಹಿಂದೆ ಅಲ್ಲಿ ರಾಜರಿದ್ದರು, ಪೇಟೆಯಿತ್ತು, ಸುತ್ತ ಕೋಟೆಯಿತ್ತು. ಈಗ ಕೆಂಪುಕಲ್ಲಿನ ಬಾಗಿಲೊಂದೇ ನಿಂತಿದೆ. ಕದಗಳೂ ಇಲ್ಲ. ಪಕ್ಕದಲ್ಲಿ ಗೋಡೆ ಕುಸಿದು ಎತ್ತಿನಗಾಡಿ ಹೋಗುವಷ್ಟು ದಾರಿಯಾಗಿದೆ. ದನಗಳೂ ಅಲ್ಲಿಂದಲೇ ಓಡಾಡುತ್ತವೆ. ಹನುಮಂತ ಮಾತ್ರ ಬಾಗಿಲೊಳಗಿನ ಗೋಡೆಯ ಗೂಡಿನಲ್ಲಿ ನಿಂತು ಕಾವಲು ಬಿಟ್ಟಿಲ್ಲ. ಏನನ್ನು ಕಾಯುತ್ತಾನೋ ಅವನೇ ಬಲ್ಲ.

ದೂರ ಹೋಗುವವರು ಒಳಗಿನಿಂದ ಅವನೆದುರು ಹಾದು ಹೊರಗೆ ದಾಟಬೇಕು. ಹೋದ ಕೆಲಸ ಮುಗಿಸಿ ಬಂದವರು ಹೊರಗಿನಿಂದ ಒಳಗೆ ಬಂದು ಕಾಯಿ ಒಡೆಸಬೇಕು. ಅನುಮಾನವಿದ್ದವರು ಪ್ರಸಾದ ಕೇಳುತ್ತಾರೆ. ಪೂಜಾರಿ ಮೂರ್ತಿಗೆ ನೀರು ಹಾಕಿ ಎರಡೂ ಭುಜಗಳ ಮೇಲೆ ಸಿಂಗಾರದ ಎಸಳು ಅಂಟಿಸುತ್ತಾನೆ. ದೇವರ ಬಲಭುಜದ್ದು ಮೊದಲು ಬಿದ್ದರೆ ಹೌದು, ಎಡದ್ದು ಬಿದ್ದರೆ ಅಲ್ಲ. ಪ್ರಶ್ನೆಯನ್ನು ಮನಸ್ಸಿನಲ್ಲೇ ಕೇಳಬೇಕು, ಬಾಯಿಬಿಟ್ಟು ಹೇಳುವಂತಿಲ್ಲ.

ಅಂದು ಆಯಿ ಕಣ್ಣು ಮುಚ್ಚಿ ನಿಂತಳು. ಎಸಳು ಒಣಗಬೇಕು, ಬೀಳಬೇಕು. ಗಾಳಿ ಬೀಸಿದರೆ ಭಯ, ಬೀಸದಿದ್ದರೆ ಇನ್ನೊಂದು ಭಯ. ಎಡದ ಎಸಳು ಒಮ್ಮೆ ಅಲ್ಲಾಡಿದಾಗ ಅದನ್ನು ಬೆರಳಲ್ಲಿ ಒತ್ತಿಬಿಡೋಣ ಅನ್ನಿಸಿತ್ತು. ಅಷ್ಟರಲ್ಲಿ ಬಲದ್ದು ಜಾರಿತು.

“ಬಲಕ್ಕೇ ಕೊಟ್ಟ ನೋಡಿ ಅಮ್ಮ. ಎಲ್ಲ ಚಲೋ ಆಗ್ತದೆ,” ಎಂದ ಪೂಜಾರಿ.

ನಾನು ಗೋಡೆಗೊರಗಿ ಬಿಕ್ಕಿಬಿಕ್ಕಿ ಅತ್ತೆ. ಆಯಿ ನನ್ನನ್ನೇ ನೋಡಿದಳು. ಆಮೇಲೆ “ಆತು, ಹೋಪನ,” ಎಂದು ಬಾಗಿಲು ದಾಟಿದಳು. ಆಪರೇಷನ್ ಆಯಿತು. ಗಂಟು ಕೆಟ್ಟದ್ದೇ ಆಗಿತ್ತು, ಆದರೆ ಹೊತ್ತಿಗೆ ಸರಿಯಾಗಿ ತೆಗೆದರು. ಆಯಿ ಉಳಿದಳು.

ಕಾಯಿ ಒಡೆಸಲು ಮಾತ್ರ ಅವಳು ಹೋಗಲೇ ಇಲ್ಲ. ಕರೆದಾಗಲೆಲ್ಲ ಮಂಡಿನೋವು, ಇಲ್ಲವೇ ಮನೆಯಲ್ಲಿ ಕೆಲಸ. ಆ ಊರಿಗೆ ಹೋದರೂ ಕುಸಿದ ಗೋಡೆಯ ದಾರಿಯಲ್ಲೇ ಒಳಗೆ ಹೋಗುವಳು. ನನ್ನ ವಿಜ್ಞಾನ ಅವಳಿಗೂ ತಾಗಿತೆಂದು ನಾನು ಒಳಗೊಳಗೇ ಹಿಗ್ಗಿದ್ದೆ, ನೋಡಿ.

ವರ್ಷಗಳು ಕಳೆದು ಮೊನ್ನೆ ನನ್ನ ಸರದಿ. ಈಗ ನಾನು ಮಕ್ಕಳಿಗೆ ವಿಜ್ಞಾನ ಕಲಿಸುವ ಟೀಚರು. ಆದರೂ ಹುಬ್ಬಳ್ಳಿಗೆ ಹೊರಡುವ ಮೊದಲು, ಆಯಿಗೂ ಹೇಳದೆ ಸಿಂಗಾರ ತಂದು ಚೀಲಕ್ಕೆ ಹಾಕಿಕೊಂಡೆ. ಆಯಿಯನ್ನೂ ಕರೆದುಕೊಂಡು ಹೆಬ್ಬಾಗಿಲಿಗೆ ಹೋದೆ. ಗೂಡಿನೆದುರು ಚೀಲಕ್ಕೆ ಕೈಹಾಕಿದಾಗ ಆಯಿ ನನ್ನ ಕೈ ಹಿಡಿದಳು.

“ಕೇಳದು ಬ್ಯಾಡ ಕೂಸೆ.”

“ಎಂತಕ್ಕೆ? ನೀನು ಕೇಳಿದ್ದಿಲ್ಯ?”

ಆಯಿ ಹನುಮಂತನ ಕಡೆ ನೋಡಲಿಲ್ಲ. “ಹೋಪಲಕ್ಕಾ ಹೇಳಿ ಆನು ಕೇಳಿದ್ದಲ್ಲ. ಹೋಪದು ಬ್ಯಾಡ ಹೇಳಿ ಆದ್ರೆ ಬಲಕ್ಕೆ ಕೊಡು ಹೇಳಿ ಕೇಳಿದ್ದಿ. ಕತ್ತಿ ಹಾಕ್ತ ಹೇಳಿ ಅಷ್ಟು ಹೆದರಿಕೆ ಆಗಿತ್ತು. ಅವ ಬಲಕ್ಕೇ ಕೊಟ್ಟ.”

ಹಾಗಾದರೆ ಅಂದು ಬಲದ ಎಸಳು ಬಿದ್ದದ್ದು ಹೋಗಬೇಡವೆಂದು! ಮತ್ತೆ ಯಾಕೆ ಹೋದೆಯೆಂದು ಕೇಳಿದೆ.

“ನೀನು ಅಲ್ಲಿ ನಿಂತು ಖುಷಿಗೆ ಅಳ್ತಾ ಇದ್ದಿದ್ದೆ. ಆ ಮುಖ ನೋಡಿ ಹೋಗ್ತ್ನಿಲ್ಲೆ ಹೇಳದು ಹೆಂಗೆ? ಅವನ ಮಾತು ಮೀರಿ ಆನು ಹೋದಿ. ಮತ್ತೆ ಯಾವ ಮುಖ ಇಟ್ಕಂಡು ಈ ಬಾಗಿಲಲ್ಲಿ ಒಳಗೆ ಬಪ್ಪದು? ಇಷ್ಟು ವರ್ಷ ಹೆದರ್ಕಂಡೇ ಇದ್ದಿ. ನಿಂಗೆ ಆ ತಾಪತ್ರಯ ಬ್ಯಾಡ. ಸುಮ್ನೆ ದಾಟು.”

ದಾಟಿದೆವು. ಆಯಿ ತಲೆ ತಗ್ಗಿಸಿಕೊಂಡೇ ದಾಟಿದಳು. ಸಿಂಗಾರ ಚೀಲದಲ್ಲೇ ಉಳಿಯಿತು.

ಅಪ್ಪಣೆಯಿಲ್ಲದೆ ಬಂದಿದ್ದೇನೆ, ಭಯ ಎಳ್ಳಷ್ಟೂ ಕಡಿಮೆಯಾಗಿಲ್ಲ. ಈಗಷ್ಟೇ ನರ್ಸ್ ಬಂದು, “ರಾತ್ರಿ ಏನೂ ತಿನಬ್ಯಾಡ್ರಿ,” ಎಂದು ಹೇಳಿ ಹೋದಳು. ಆಯಿ ಹೊದಿಕೆಯ ಅಂಚು ಸರಿಮಾಡುತ್ತ ಕೇಳಿದಳು.

“ಹೆದರಿಕೆ ಆಗ್ತಾ?”

ಇಲ್ಲೆ ಎನ್ನಲು ಬಾಯಿ ತೆರೆದಿದ್ದೆ. ಅವಳ ಮುಖ ನೋಡಿ, “ಹೌದು,” ಎಂದುಬಿಟ್ಟೆ.

“ಯಂಗೂ,” ಎಂದು ತನ್ನ ಎದೆ ಮುಟ್ಟಿಕೊಂಡಳು ಆಯಿ. ಮಂಚದ ತುದಿಯಲ್ಲಿ ಕೂತಳು. ಆಮೇಲೆ ನನ್ನ ಕಾಲಿನ ಮೇಲೆ ಕೈಯಿಟ್ಟು ಹೇಳಿದಳು:

“ವಾಪಸ್ ಹೋಪಕಾದ್ರೆ ಬಾಗಿಲಲ್ಲೇ ಒಳಗೆ ಹೋಪನ. ಎರಡು ಕಾಯಿ ತಗಳವು. ಯನ್ನದೊಂದು ಬಾಕಿ ಇದ್ದು.”