ಓನರ್ ಆಂಟಿಯ ಮುಂಗುಸಿ

ಉಪ್ಪು, ಅರಿಶಿನ ಏನೂ ಹಾಕದೆ ಬರೀ ನೀರಿನಲ್ಲಿ ಕೋಳಿ ಬೇಯಿಸಿದರೆ ಒಂದು ವಾಸನೆ ಬರುತ್ತದೆ. ಸಾರಿನ ಘಮ ಅಲ್ಲ ಅದು, ಹಸಿವೂ ಹುಟ್ಟುವುದಿಲ್ಲ. ಮೊನ್ನೆ ಕಡೂರಿನ ನಮ್ಮ ಪಕ್ಕದ ಮನೆಯವರು ಹುಷಾರಿಲ್ಲದ ನಾಯಿಗೆಂದು ಬೇಯಿಸುತ್ತಿದ್ದರು. ಆ ವಾಸನೆ ಅಡುಗೆಮನೆ ಕಿಟಕಿಯಿಂದ ಒಳಗೆ ಬಂದಿದ್ದೇ ತಡ, ಚಪಾತಿ ಹಿಟ್ಟು ನಾದುತ್ತಿದ್ದವಳು ಕೈ ನಿಲ್ಲಿಸಿ ಗಡಿಯಾರ ನೋಡಿದೆ. ಊಟ ಹಾಕುವ ಹೊತ್ತು ಮೀರಿಹೋಯಿತು ಅನ್ನಿಸಿತು. ಯಾರಿಗೂ ಹಾಕಬೇಕಿರಲಿಲ್ಲ. ಆದರೂ ಆ ದಿನವಿಡೀ ಕೂತಲ್ಲಿ ಕೂರಲಾಗಲಿಲ್ಲ…

ಆಗ ನಾನು ತರೀಕೆರೆಯಲ್ಲಿ ಬಾಡಿಗೆಗಿದ್ದೆ. ಕೆಲಸ ಅಜ್ಜಂಪುರದ ಒಂದು ಕಾಲೇಜಿನ ಲೈಬ್ರರಿಯಲ್ಲಿ. ದಿನಾ ಬೆಳಿಗ್ಗೆ ಬಸ್ಸು, ಸಂಜೆ ಬಸ್ಸು. ಕೆಳಗಡೆ ಮನೆ ಓನರ್ ಕುಟುಂಬ ಇತ್ತು, ಮಹಡಿಯಲ್ಲಿ ನಾನು. ಮನೆ ತೋರಿಸುವಾಗಲೇ ಓನರ್ ಆಂಟಿ ಬಾಗಿಲಿಗೆ ಅಡ್ಡ ನಿಂತು ಹೇಳಿದ್ದರು: "ಮೊಟ್ಟೆ ಸಹಿತ ಒಳಗೆ ಬರಂಗಿಲ್ಲ ಕಣಮ್ಮ. ನಾವು ಲಿಂಗ ಕಟ್ಕೊಂಡೋರು." ಒಪ್ಪಿಕೊಂಡೆ. ನನಗೆ ಬೇಕಾದಾಗ ಹೋಟೆಲಿಗೆ ಹೋಗಿ ತಿಂದು ಬರುತ್ತಿದ್ದೆ, ಅದೇನು ದೊಡ್ಡ ವಿಷಯವಲ್ಲ.

ದೊಡ್ಡ ವಿಷಯ ಬಂದದ್ದು ನನ್ನ ಅಕ್ಕನಿಂದ. ಅವಳು ಶೋಕಿಗೆ ಫೆರೆಟ್ ಅನ್ನುವ ಒಂದು ವಿದೇಶಿ ಪ್ರಾಣಿ ತಂದು ಸಾಕಿದ್ದಳು. ಮಗು ಹುಟ್ಟಿದ ಮೇಲೆ ಅದನ್ನು ನನಗೆ ದಾಟಿಸಿ ಕೈ ತೊಳೆದುಕೊಂಡಳು. ಉದ್ದ ಮೈ, ಗಿಡ್ಡ ಕಾಲು, ಮುಖಕ್ಕೆ ಕಪ್ಪು ಪಟ್ಟಿ. ದಿನದ ಮುಕ್ಕಾಲು ಪಾಲು ನಿದ್ದೆ, ಎದ್ದರೆ ನನ್ನ ಸಾಕ್ಸು, ಚಮಚ ಎಲ್ಲ ಕದ್ದು ಮಂಚದ ಕೆಳಗೆ ಗುಡ್ಡೆ ಹಾಕುವುದು. ಆಂಟಿ ಮೊದಲ ಸಲ ನೋಡಿದಾಗ ಸೆರಗಿನಿಂದ ಮೂಗು ಮುಚ್ಚಿಕೊಂಡರು.

"ಇದೇನಮ್ಮಾ, ಮುಂಗ್ಸಿ ಸಾಕಿದೀಯಲ್ಲ. ಹಾವು ಗೀವು ಹಿಡಿಯುತ್ತಾ?"

"ಹಾವು ಕಂಡರೆ ನನಗಿಂತ ಮೊದಲು ಓಡುತ್ತೆ ಆಂಟಿ."

"ಮತ್ಯಾಕೆ ಸಾಕಿದೀಯ?"

ನಾನು ನಕ್ಕು ಅದನ್ನು ಎತ್ತಿಕೊಂಡು ಒಳಗೆ ಹೋದೆ. ಅಂಗಡಿಯಲ್ಲಿ ಸಿಗುವ ಬೆಕ್ಕಿನ ಕಾಳು ತಿಂದುಕೊಂಡು ಅದರ ಪಾಡಿಗೆ ಅದು ಇತ್ತು. ಅಕ್ಕ ಇಟ್ಟ ಹೆಸರು ಬೇರೆ ಇತ್ತು, ಆದರೆ ಆಂಟಿಯ ಬಾಯಲ್ಲಿ ಮುಂಗ್ಸಿ ಅಂತಲೇ ಆಯಿತು. ನನ್ನ ಬಾಯಲ್ಲೂ ಅದೇ ನಿಂತಿತು.

ಮೂರನೆಯ ವರ್ಷದ ಬೇಸಿಗೆಯಲ್ಲಿ ಅದು ಗೋಡೆ ನೋಡುತ್ತಾ ನಿಂತುಬಿಡತೊಡಗಿತು. ಕರೆದರೆ ತಿರುಗುತ್ತಿರಲಿಲ್ಲ. ಹಿಂಗಾಲು ಎಳೆಯುವುದು, ಜೊಲ್ಲು ಸುರಿಸುವುದು, ಮುಂಗಾಲಿನಿಂದ ಬಾಯಿ ಕೆರೆದುಕೊಳ್ಳುವುದು. ಬುಟ್ಟಿಯಲ್ಲಿಟ್ಟುಕೊಂಡು ಶಿವಮೊಗ್ಗಕ್ಕೆ ಓಡಿದೆ. ಪ್ರಾಣಿ ಡಾಕ್ಟರು ರಕ್ತ ನೋಡಿ ಹೇಳಿದರು: ಮೇದೋಜೀರಕದಲ್ಲಿ ಗಂಟು, ಅದು ಬೇಕಾದ್ದಕ್ಕಿಂತ ಹೆಚ್ಚು ಇನ್ಸುಲಿನ್ ಸುರಿಯುತ್ತಿದೆ, ಸಕ್ಕರೆ ಪಾತಾಳಕ್ಕಿಳಿಯುತ್ತಿದೆ. ಇಷ್ಟು ಸಣ್ಣ ಜೀವಕ್ಕೆ ಆಪರೇಷನ್ ಮಾಡುವವರು ಈ ಕಡೆ ಇಲ್ಲ. ದಿನಕ್ಕೆರಡು ಸಲ ಸ್ಟೀರಾಯ್ಡ್ ಹನಿ ಹಾಕಿ. ಕೆಲವು ಗಂಟೆಗೊಮ್ಮೆ ಎಬ್ಬಿಸಿ ಮಾಂಸ ತಿನ್ನಿಸಿ. ಸಿಹಿ ಮಾತ್ರ ಬೇಡ, ಸಿಹಿ ಬಿದ್ದರೆ ಆ ಗಂಟು ಇನ್ನೂ ಜಾಸ್ತಿ ಸುರಿದು ಸಕ್ಕರೆ ಮತ್ತೆ ಬೀಳುತ್ತೆ. ಪ್ರಜ್ಞೆ ತಪ್ಪಿದರೆ ಒಸಡಿಗೆ ಒಂದು ತೊಟ್ಟು ಜೇನು ಸವರಿ, ಎಚ್ಚರವಾದ ತಕ್ಷಣ ಮಾಂಸ ಕೊಡಿ.

ಮಾಂಸ. ಆ ಮನೆಯಲ್ಲಿ. ವಾಪಸ್ ಬಸ್ಸಿನಲ್ಲಿ ಬರುವಾಗ ಹೊಸ ಮನೆ ಹುಡುಕುವುದೇ ಸರಿ ಎಂದುಕೊಂಡಿದ್ದೆ. ಮನೆಗೆ ಬಂದು ಹೇಳಿದ್ದನ್ನು ಆಂಟಿ ಪೂರ್ತಿ ಕೇಳಿಸಿಕೊಂಡರು. ಅವರಿಗೆ ಶುಗರ್ ಇತ್ತು, ಇನ್ಸುಲಿನ್ ಅಂದರೆ ಏನೆಂದು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

"ನಂಗೆ ಸಕ್ಕರೆ ಜಾಸ್ತಿ, ಇದಕ್ಕೆ ಕಮ್ಮಿ. ಇಬ್ರನ್ನೂ ಕಲಸಿ ಅರ್ಧ ಮಾಡಿದ್ರೆ ಸರಿಹೋಗ್ತಿತ್ತು" ಅಂದರು. ಆಮೇಲೆ ದನಿ ತಗ್ಗಿಸಿ, "ತಾರಸಿ ಮೇಲೆ ಬೇಯಿಸ್ಕೋ. ನನ್ ಮಗ ಸೊಸೆಗೆ ಗೊತ್ತಾಗ್ಬಾರ್ದು" ಅಂದರು.

ಬೇಯಿಸುವುದು ಹೇಗೋ ಆಯಿತು. ತಿನ್ನಿಸುವುದು? ನಾನು ಅಜ್ಜಂಪುರಕ್ಕೆ ಹೋದರೆ ಬರುವುದು ಸಂಜೆ. ಬಟ್ಟಲಲ್ಲಿಟ್ಟು ಹೋದರೆ ಅದು ಏಳುತ್ತಲೇ ಇರಲಿಲ್ಲ. ಆಂಟಿಯ ಮಗ, ಸೊಸೆ ಇಬ್ಬರೂ ಬೆಳಿಗ್ಗೆ ಕೆಲಸಕ್ಕೆ ಹೋಗುತ್ತಿದ್ದರು. ಉಳಿದವರು ಆಂಟಿ. ನಾನು ಕೇಳಲಿಲ್ಲ, ಕೇಳುವ ಮುಖವೂ ಇರಲಿಲ್ಲ. ಒಂದು ದಿನ ಅವರೇ ಒಂದು ಹಳೇ ಇಕ್ಕಳ ಹಿಡಿದು ಮೇಲೆ ಬಂದರು.

ಮುಖ ಆ ಕಡೆ ತಿರುಗಿಸಿಕೊಂಡು, ಕೈಗೆ ಪ್ಲಾಸ್ಟಿಕ್ ಕವರ್ ಸುತ್ತಿಕೊಂಡು, ಇಕ್ಕಳದಲ್ಲಿ ಒಂದೊಂದೇ ಎಳೆ ಹಿಡಿದು ತಿನ್ನಿಸುತ್ತಿದ್ದರಂತೆ. ಅದು ಮಾಂಸ ಬಿಟ್ಟು ಇಕ್ಕಳ ಕಚ್ಚುತ್ತಿತ್ತಂತೆ. ಆಮೇಲೆ ಸ್ನಾನ. ಮಧ್ಯಾಹ್ನ ಇನ್ನೊಂದು ಸಲ ತಿನ್ನಿಸಿ ಇನ್ನೊಂದು ಸ್ನಾನ. "ನಿನ್ ಮುಂಗ್ಸಿ ದೆಸೆಯಿಂದ ನಂಗೆ ನೆಗಡಿ ಬಿಡ್ತಾನೇ ಇಲ್ಲ" ಎಂದು ಬೈಯುತ್ತಿದ್ದರು. ನಾನು ಲೈಬ್ರರಿಯಲ್ಲಿ ಕೂತು ಹೊತ್ತಿಗೆ ಸರಿಯಾಗಿ ಫೋನ್ ಮಾಡುವುದು, ಅವರು "ತಿಂತು ಕಣೇ, ಇಡು" ಅನ್ನುವುದು. ಆ ಮಾತು ಕಿವಿಗೆ ಬೀಳುವ ತನಕ ಯಾವ ಪುಸ್ತಕ ಯಾರಿಗೆ ಕೊಟ್ಟೆ ಅನ್ನುವುದೇ ತಿಳಿಯುತ್ತಿರಲಿಲ್ಲ.

ಶ್ರಾವಣದ ಮೊದಲ ಸೋಮವಾರ ಬೆಳಿಗ್ಗೆ ಫೋನ್ ಎತ್ತಲಿಲ್ಲ. ಪೂಜೆಯಲ್ಲಿರಬೇಕು ಅಂದುಕೊಂಡೆ. ಮಧ್ಯಾಹ್ನವೂ ಎತ್ತಲಿಲ್ಲ. ರಜೆ ಬರೆದುಕೊಟ್ಟು ಬಸ್ ಹತ್ತಿದರೆ ರೈಲ್ವೆ ಗೇಟ್ ಹಾಕಿತ್ತು. ಗೂಡ್ಸ್ ಗಾಡಿ ಮುಗಿಯುವುದೇ ಇಲ್ಲ. ಡ್ರೈವರ್ ಆರಾಮಾಗಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ. ಅವನ ಮೇಲೆ ಎಷ್ಟು ಸಿಟ್ಟು ಬಂತೆಂದರೆ… ಪಾಪ, ಅವನದೇನು ತಪ್ಪು.

ಮಹಡಿ ಬಾಗಿಲು ತೆರೆದೇ ಇತ್ತು. ಆಂಟಿ ಹಣೆ ತುಂಬ ವಿಭೂತಿ ಇಟ್ಟುಕೊಂಡು, ಪೂಜೆಯ ಮಡಿ ಸೀರೆಯಲ್ಲೇ ನೆಲದ ಮೇಲೆ ಕೂತಿದ್ದರು. ತೊಡೆ ಮೇಲೆ ಮುಂಗುಸಿ. ಜೊಲ್ಲು ಸುರಿಯುತ್ತಿತ್ತು, ಕಾಲು ಗಾಳಿಯಲ್ಲಿ ಈಜುತ್ತಿದ್ದವು. ಪಕ್ಕದಲ್ಲಿ ಬಾಳೆಹಣ್ಣಿನ ರಸಾಯನದ ಬಟ್ಟಲು.

"ಇವತ್ತು ಅದನ್ನ ಮುಟ್ಟಬಾರ್ದಲ್ಲ ಕಣೇ. ಅದಕ್ಕೇ ಇದು ಕೊಟ್ಟೆ. ಚಪ್ಪರಿಸ್ಕೊಂಡು ತಿಂತು, ಕುಣೀತು ಕೂಡ. ಆಮೇಲೆ ಬಿತ್ತು. ಇನ್ನೊಂಚೂರು ಕೊಟ್ಟೆ, ಎದ್ದು ಮತ್ತೆ ಬಿತ್ತು…"

"ಸಿಹಿ ಕೊಡಬಾರದು ಅಂತ ಬಡ್ಕೊಂಡಿದ್ದೆನಲ್ಲ ಆಂಟಿ."

"ಅದು ಸಿಹಿ ಹೆಂಗಾಗುತ್ತೆ? ಶಿವನ ಪ್ರಸಾದ ಅಲ್ವಾ?"

ನಿಜವಾಗಿ ಹಾಗೇ ನಂಬಿದ್ದರು. ಪ್ರಸಾದ ಯಾರಿಗಾದರೂ ಕೆಟ್ಟದ್ದು ಮಾಡೀತು ಅನ್ನುವ ಯೋಚನೆ ಅವರ ತಲೆಗೆ ಬರುವಂಥದ್ದೇ ಅಲ್ಲ. ಬೈಯಲು ಹೊತ್ತಿರಲಿಲ್ಲ. ಒಸಡಿಗೆ ಜೇನು ಸವರಿದೆ. ಸ್ವಲ್ಪ ಹೊತ್ತಿಗೆ ಕಣ್ಣು ಅಲುಗಿದವು. ಈಗಲೇ ಮಾಂಸ ಹೋಗಬೇಕು. ಫ್ರಿಜ್ಜಿನಿಂದ ಡಬ್ಬಿ ತೆಗೆದೆ, ಎಷ್ಟು ಎಳೆದರೂ ಮುಚ್ಚಳ ಬಿಚ್ಚಲಿಲ್ಲ.

ಆಂಟಿ ಡಬ್ಬಿ ಕಿತ್ತುಕೊಂಡರು. "ಬಿಸಿನೀರು ತಾ" ಅಂದರು. ಇಕ್ಕಳ ಹುಡುಕಲಿಲ್ಲ, ಕವರ್ ಸುತ್ತಲಿಲ್ಲ. ಶ್ರಾವಣ ಸೋಮವಾರ, ಬರೀ ಬೆರಳಿನಲ್ಲಿ ಆ ಕೋಳಿಯನ್ನು ಅನ್ನ ಹಿಸುಕುವ ಹಾಗೆ ಹಿಸುಕಿ, ಬೆರಳ ತುದಿಯಲ್ಲಿ ತೆಗೆದು ಅದರ ಬಾಯಿಗಿಟ್ಟರು. ತುಟಿಯಲ್ಲಿ ಶಿವನಾಮ ನಡೆದೇ ಇತ್ತು. ಅದು ಮೊದಲು ಉಗುಳಿತು. ಮತ್ತೆ ಇಟ್ಟರು. ನುಂಗಿತು. ಆಮೇಲೆ ಅವರ ಬೆರಳು ನೆಕ್ಕತೊಡಗಿತು. ನಾನು ಗೋಡೆಗೆ ಒರಗಿ ಅತ್ತುಬಿಟ್ಟೆ.

ಮೆಟ್ಟಿಲು ಇಳಿಯುವಾಗ ಒಂದು ಸಲ ನಿಂತು, "ನಮ್ ಮನೇಲಿ ಮಾತ್ರ ಬಾಯಿಬಿಡ್ಬೇಡ ಕಣೇ" ಅಂದರು. ಸ್ನಾನ ಮಾಡಿ ಮತ್ತೆ ಪೂಜೆಗೆ ಕೂತರು. ಗಂಟೆ ಸದ್ದು ಮೇಲಿನವರೆಗೆ ಕೇಳಿಸುತ್ತಿತ್ತು.

ಆಮೇಲೆ ಸೋಮವಾರವೂ ಸೇರಿ ಎಲ್ಲ ದಿನವೂ ಕೈಯಲ್ಲೇ ತಿನ್ನಿಸಿದರು. ಆದರೆ ಗಂಟು ಬೆಳೆಯುತ್ತಿತ್ತು. ಆ ಚಳಿಗಾಲ ದಾಟಲಿಲ್ಲ ಅದು. ನಾನು ಕೆಲಸದಲ್ಲಿದ್ದಾಗ ಆಂಟಿಯ ತೊಡೆಯ ಮೇಲೇ ಹೋಯಿತು. ಫೋನಿನಲ್ಲಿ "ನಿಧಾನ ಬಾ, ಓಡಿ ಬಂದ್ರೂ ಏನಿಲ್ಲ" ಅಂದರು. ಮುಂದಿನ ವರ್ಷ ನನಗೆ ಕಡೂರಿನಲ್ಲಿ ಕೆಲಸ ಸಿಕ್ಕಿತು. ಫೋನು ಮೊದಲು ವಾರಕ್ಕೊಂದು, ಆಮೇಲೆ ಹಬ್ಬಕ್ಕೊಂದು…

ಹೋದ ತಿಂಗಳು ಅವರ ಸೊಸೆಯಿಂದ ಫೋನ್ ಬಂತು. ಆಂಟಿ ತೀರಿಕೊಂಡು ಆಗಲೇ ವಾರವಾಗಿತ್ತು. ಹನ್ನೊಂದನೆಯ ದಿನದ ಶಿವಗಣಾರಾಧನೆಗೆ ಹೋದೆ. ನೆಂಟರ ನಡುವೆ ಸೊಸೆ ಹೇಳುತ್ತಿದ್ದಳು: "ನಮ್ಮತ್ತೆ ಜೀವಮಾನದಲ್ಲಿ ಮಾಂಸ ಅಂದ್ರೆ ಕೈಲಿ ಮುಟ್ಟಿದೋರಲ್ಲ ಕಣ್ರೀ. ಇವರನ್ನೇ ಕೇಳಿ, ಮಹಡೀಲಿದ್ರು." ಎಲ್ಲರೂ ನನ್ನ ಕಡೆ ತಿರುಗಿದರು.

"ಹೌದು" ಅಂದೆ.

ಫೋಟೋದೊಳಗಿನ ಆಂಟಿಯನ್ನು ನೋಡಲಾಗದೆ ಊಟಕ್ಕೂ ನಿಲ್ಲದೆ ಎದ್ದು ಬಂದೆ. ಅವತ್ತಿನಿಂದ ಮನಸ್ಸು ಒಂದು ಕಡೆ ನಿಲ್ಲುತ್ತಿಲ್ಲ. ಅವರಷ್ಟು ನನ್ನನ್ನು ಪ್ರೀತಿಸಿದವರು ಕಡಿಮೆ, ಅದನ್ನು ಅವರ ಮನೆಯಲ್ಲೇ ಹೇಳುವಂತಿಲ್ಲ. ಅದಕ್ಕೇ ಇಲ್ಲಿ ಬರೆದಿದ್ದೇನೆ, ಹೆಸರು ಹಾಕಿಲ್ಲ. ತರೀಕೆರೆಯಲ್ಲಿ ಬಾಡಿಗೆಗೆ ಮಹಡಿ ಕೊಟ್ಟ ಆಂಟಿಯರು ಬೇಕಾದಷ್ಟು ಜನ ಇದ್ದಾರೆ, ಯಾರಿಗೂ ಗೊತ್ತಾಗುವುದಿಲ್ಲ. ಬಾಯಿಬಿಟ್ಟೆಯಲ್ಲೇ ಎಂದು ಬೈಯಲು ಅವರೂ ಈಗಿಲ್ಲ.