ಐದು ಗಂಟಿನ ಕಣಜ

ನಮ್ಮ ಸಂಗ್ರಹಾಲಯದಲ್ಲಿ ಎಲ್ಲರೂ ಅವಳನ್ನು ಕಣಜದಕ್ಕ ಎಂದೇ ಕರೆಯುತ್ತಿದ್ದರು. ಹೊಸದಾಗಿ ಕೆಲಸಕ್ಕೆ ಸೇರಿದವರು ಅವಳ ವಶದಲ್ಲಿ ಕಾಳುಕಡಿ ತುಂಬಿದ ಉಗ್ರಾಣ ಇದೆ ಎಂದುಕೊಳ್ಳುತ್ತಿದ್ದರು. ಅವಳ ವಶದಲ್ಲಿದ್ದದ್ದು ನೆಲಮಾಳಿಗೆಯ ಒಂದು ಕೋಣೆ ಮತ್ತು ಅದರ ಕಪಾಟುಗಳಲ್ಲಿ ಸಾಲಾಗಿ ನಿಂತ ಹನ್ನೆರಡು ಸಾವಿರ ಕಣಜದ ಹುಳುಗಳು. ಕುಟುಕುವ ಜಾತಿಯವಲ್ಲ. ಬೇರೆ ಹುಳುಗಳ ಮೊಟ್ಟೆಯೊಳಗೆ ತಮ್ಮ ಮೊಟ್ಟೆ ಇಡುವ ಪರಾವಲಂಬಿ ಕಣಜಗಳು, ಸಾಸಿವೆ ಕಾಳಿನ ಅರ್ಧದಷ್ಟೂ ಇರುವುದಿಲ್ಲ. ನಾನು ಮೇಲಿನ ಮಹಡಿಯ ಪುಸ್ತಕಾಲಯದಲ್ಲಿ ಗುಮಾಸ್ತೆ. ಮಧ್ಯಾಹ್ನ ಊಟದ ಡಬ್ಬಿ ಹಿಡಿದು ಅವಳಿದ್ದಲ್ಲಿಗೆ ಇಳಿದು ಹೋಗುತ್ತಿದ್ದವಳು ನಾನೊಬ್ಬಳೇ. ಹಾಗಾಗಿ ಇದೆಲ್ಲ ನನಗೆ ಗೊತ್ತು.

ಆ ಕೋಣೆಯಲ್ಲಿ ಫ್ಯಾನ್ ಹಾಕುವಂತಿರಲಿಲ್ಲ, ಕಿಟಕಿ ತೆರೆಯುವಂತಿರಲಿಲ್ಲ. ಒಂದು ಸೀನು ಬಂದರೆ ಒಂದು ವಾರದ ಕೆಲಸ ಹಾರಿಹೋಗುತ್ತಿತ್ತು. ಅವಳು ಉಸಿರು ಬಿಗಿಹಿಡಿದು, ಎರಡೇ ಕೂದಲು ಉಳಿಸಿಕೊಂಡ ಕುಂಚದಿಂದ ಹುಳವನ್ನು ಎತ್ತಿ, ತ್ರಿಕೋನಾಕಾರದ ರಟ್ಟಿನ ತುದಿಗೆ ಅಂಟಿಸಿ, ಆ ರಟ್ಟನ್ನು ಸೂಜಿಗೆ ಚುಚ್ಚಿ ನಿಲ್ಲಿಸುತ್ತಿದ್ದಳು. ಮಾತಾಡುವಾಗಲೂ ಬಾಯಿ ಪಕ್ಕಕ್ಕೆ ತಿರುಗಿಸಿಕೊಳ್ಳುವ ಅಭ್ಯಾಸ ಅವಳಿಗೆ ಅಂಟಿಬಿಟ್ಟಿತ್ತು.

ಕೋಣೆಯ ಯಜಮಾನರು ಅವಳ ಮಾವ, ಗಂಡನ ತಂದೆ. ಕಣಜಗಳ ವಿಷಯದಲ್ಲಿ ಅವರ ಮಾತೇ ಕಡೆಯ ಮಾತು. ನಿವೃತ್ತಿಯಾದ ಮೇಲೂ ಸಂಸ್ಥೆ ಅವರಿಗೆ ಆ ಕೋಣೆಯನ್ನು ಬಿಟ್ಟುಕೊಟ್ಟಿತ್ತು. ಸೊಸೆ ಮನೆಗೆ ಬಂದ ಹೊಸತರಲ್ಲಿ ಅವರೇ, "ವಿಜ್ಞಾನ ಓದಿ ಮನೇಲಿ ಕೂತು ಏನ್ಮಾಡ್ತೀಯಮ್ಮಾ? ನನ್ನ ಜೊತೆ ಬಾ" ಎಂದು ಕರೆದುಕೊಂಡು ಬಂದಿದ್ದರು. ತಾತ್ಕಾಲಿಕ ಸಹಾಯಕಿಯ ಕೆಲಸ. ಹನ್ನೊಂದು ವರ್ಷವಾದರೂ ಅದು ತಾತ್ಕಾಲಿಕವಾಗಿಯೇ ಇತ್ತು. ಬೆಳಿಗ್ಗೆ ಇಬ್ಬರೂ ಒಂದೇ ಬಸ್ಸಿನಲ್ಲಿ ಬರುತ್ತಿದ್ದರು, ಸಂಜೆ ಒಂದೇ ಬಸ್ಸಿನಲ್ಲಿ ಹೋಗುತ್ತಿದ್ದರು. ಅಲ್ಲಿ ಯಜಮಾನರು, ಮನೆಯಲ್ಲೂ ಯಜಮಾನರೇ. "ರಜಾ ಚೀಟಿ ಬರೆದು ಅತ್ತೆ ಕೈಗೆ ಕೊಟ್ರೂ ನಡೆಯುತ್ತೆ ನೋಡು" ಎಂದು ಅವಳು ನಗುತ್ತಿದ್ದಳು. ನಗು ಕಣ್ಣಿನ ತನಕ ಬರುತ್ತಿರಲಿಲ್ಲ.

ಆರು ವರ್ಷದ ಹಿಂದೆ ಮಾವನ ದೃಷ್ಟಿ ಕೆಟ್ಟಿತು. ನೋಟದ ಅಂಚು ನೆಟ್ಟಗಿತ್ತು, ನಡುವೆ ಮಾತ್ರ ಹೊಗೆ. ನಡೆದಾಡಲು ತೊಂದರೆಯಿರಲಿಲ್ಲ, ನೋಡಿದವರಿಗೆ ಏನೂ ತಿಳಿಯುತ್ತಿರಲಿಲ್ಲ. ಆದರೆ ಮೈಕ್ರೋಸ್ಕೋಪಿಗೆ ಕಣ್ಣಿಟ್ಟರೆ, ಅಕ್ಷರಕ್ಕೆ ಕಣ್ಣಿಟ್ಟರೆ, ಬರೀ ಬೂದಿ ಬಣ್ಣ. ಡಾಕ್ಟರು ಕೈ ಚೆಲ್ಲಿದ ದಿನ, ಬಸ್ ನಿಲ್ದಾಣದಲ್ಲಿ ಅವರು ಸೊಸೆಗೆ ಹೇಳಿದರು: "ಇದು ನಮ್ಮಿಬ್ಬರಲ್ಲೇ ಇರಲಿ. ಮನೇಲೂ ಬೇಡ. ಹೊರಗೆ ಗೊತ್ತಾದ್ರೆ ಕೋಣೆ ಹೋಗುತ್ತೆ. ಕೋಣೆ ಹೋದ್ರೆ ನಿನ್ನ ಕೆಲಸ ಎಲ್ಲಿರುತ್ತೆ?"

ಅಂದಿನಿಂದ ಅವಳೇ ನೋಡುವವಳು. ಅವಳು ರೆಕ್ಕೆಯ ಕೂದಲು ಅಳೆದು ಹೇಳುತ್ತಿದ್ದಳು, ಅವರು ಕಣ್ಣು ಮುಚ್ಚಿ ಕೇಳಿ ಜಾತಿಯ ಹೆಸರು ಹೇಳುತ್ತಿದ್ದರು. ಚಿತ್ರ ಬರೆಯುವವಳು ಅವಳು, ಬಂದ ಕಾಗದ ಓದಿ ಹೇಳುವವಳು ಅವಳು, ಉತ್ತರ ಟೈಪು ಮಾಡುವವಳೂ ಅವಳೇ. ಕೆಳಗೆ ಸಹಿ ಮಾತ್ರ ಅವರದು. ಒಂದು ದಿನ ರಜೆ ಹಾಕಿದರೂ ಗುಟ್ಟು ರಟ್ಟಾಗುವ ಭಯ. ತವರಿನಲ್ಲಿ ತಂಗಿಯ ಹೆರಿಗೆಗೆ ಹೋದವಳು ಎರಡೇ ದಿನಕ್ಕೆ ಹಿಂತಿರುಗಿದಳು. "ಅಲ್ಲಿ ನಿನ್ನ ಹುಳ ಏನು ಎದ್ದು ಓಡಿಹೋಗುತ್ತಾ?" ಎಂದು ಗಂಡ ಗೇಲಿ ಮಾಡಿದ.

ಹೊಸ ಜಾತಿ ಸಿಕ್ಕಿದ್ದು ಹೊರಗೆಲ್ಲೂ ಅಲ್ಲ, ಅವರದೇ ಕಪಾಟಿನಲ್ಲಿ. ಮೂವತ್ತು ವರ್ಷದ ಹಿಂದೆ ಮಾವ ಒಂದು ಎಲೆತಿಗಣೆಯ ಮೊಟ್ಟೆಗಳಿಂದ ಹೊರಬಂದ ನಲವತ್ತೊಂದು ಕಣಜಗಳಿಗೆ, ಒಂದೇ ಜಾತಿ ಎಂದುಕೊಂಡು, ಒಂದೇ ಹೆಸರಿಟ್ಟಿದ್ದರು. ಹಳೆಯ ಅಂಟು ಬಿಟ್ಟಿದ್ದರಿಂದ ಅವಳು ಅವನ್ನು ಒಂದೊಂದಾಗಿ ಮತ್ತೆ ಅಂಟಿಸಲು ಕೂತಳು. ಈ ಕಣಜದ ಹೆಣ್ಣಿನ ಕುಡಿಮೀಸೆಯ ತುದಿ ಗದೆಯ ಹಾಗೆ ದಪ್ಪಗಿರುತ್ತದೆ. ಅದರಲ್ಲಿ ನಾಲ್ಕು ಗಂಟು ಇರಬೇಕು. ಒಂದರಲ್ಲಿ ಐದು ಕಂಡಿತು. ಕಣ್ಣು ದಣಿದಿರಬೇಕು ಎಂದು ಎದ್ದು ಹೋಗಿ ಮುಖ ತೊಳೆದು ಬಂದಳು. ಐದೇ. ಮುಂದಿನದರಲ್ಲೂ ಐದು. ಹನ್ನೆರಡು ದಿನದಲ್ಲಿ ನಲವತ್ತೊಂದನ್ನೂ ನೋಡಿ ಮುಗಿಸಿದಳು. ಹದಿನಾಲ್ಕು ಹೆಣ್ಣುಗಳಿಗೆ ಐದು ಗಂಟು, ರೆಕ್ಕೆಯ ಅಂಚಿನ ಕೂದಲೂ ಹೆಚ್ಚು ಉದ್ದ. ಆಮೇಲೆ ಹಿತ್ತಲ ಬೇಲಿಯಿಂದ ಅದೇ ಎಲೆತಿಗಣೆಯ ಮೊಟ್ಟೆ ತಂದು ಗಾಜಿನ ಕೊಳವೆಯಲ್ಲಿಟ್ಟು ಕಾದಳು. ಹೊರಬಂದ ಕಣಜಗಳಲ್ಲೂ ಎರಡು ಬಗೆ.

ಮಾವನಿಗೆ ಹೇಳಲು ಅವಳಿಗೆ ಒಂದು ವಾರ ಧೈರ್ಯ ಬರಲಿಲ್ಲ. ಅವರ ಹಳೆಯ ತಪ್ಪನ್ನು ಎತ್ತಿ ತೋರಿಸಿದ ಹಾಗಾಗುತ್ತಿತ್ತು. ಕೊನೆಗೆ ಹೇಳಿದಾಗ ಅವರು ಸಿಟ್ಟಾಗಲಿಲ್ಲ. ಎಣಿಕೆಯನ್ನು ಮೂರು ಸಲ ಓದಿಸಿದರು.

"ಗಂಟಿನ ನಡುವೆ ಗೆರೆ ಪೂರ್ತಿ ಸುತ್ತಿ ಬಂದಿದೆಯಾ?"

"ಪೂರ್ತಿ ಬಂದಿದೆ ಮಾವ. ಹದಿನಾಲ್ಕರಲ್ಲೂ."

"ಹಾಗಾದ್ರೆ ನಾನು ಎಡವಿದೆ. ತಿದ್ದೋಣ, ಬರಿ."

ಲೇಖನಕ್ಕೆ ನಾಲ್ಕು ತಿಂಗಳು ಹಿಡಿಯಿತು. ಅವರು ಹೇಳುವುದು, ಇವಳು ಟೈಪು ಮಾಡುವುದು. ಆ ದಿನಗಳಲ್ಲಿ ಅವಳ ಮುಖದಲ್ಲಿ ಬೇರೆಯೇ ಕಳೆ ಇತ್ತು. ಹೆಸರಿಡುವ ಪುಟ ಬಂದಾಗ ಅವರು ಗಂಟಲು ಸರಿಪಡಿಸಿಕೊಂಡು, "ಈ ಜಾತಿಗೆ ನಿನ್ನ ಹೆಸರು ಇಡ್ತಾ ಇದೀನಿ ಮಗೂ" ಎಂದರು. ಅವಳ ಬೆರಳು ಟೈಪು ಮಾಡುವುದನ್ನು ನಿಲ್ಲಿಸಿತು.

ಈ ವಿದ್ಯೆಯಲ್ಲಿ ಒಂದು ಮರ್ಯಾದೆಯಿದೆ: ಯಾರೂ ಜಾತಿಗೆ ತಮ್ಮದೇ ಹೆಸರು ಇಟ್ಟುಕೊಳ್ಳುವುದಿಲ್ಲ. ಹುಳಕ್ಕೆ ಅವಳ ಹೆಸರಾದರೆ ಲೇಖಕರ ಸಾಲಿನಲ್ಲಿ ಅವಳ ಹೆಸರು ಬರುವಂತಿಲ್ಲ. ಅವಳು ಬಾಯಿ ತೆರೆಯುವ ಮೊದಲೇ ಸುದ್ದಿ ಮನೆ ತಲುಪಿತ್ತು. ಗಂಡ ಬಂಧುಬಳಗಕ್ಕೆಲ್ಲ ಫೋನ್ ಮಾಡಿದ. ಅತ್ತೆ ಪಕ್ಕದ ಮನೆಯವರನ್ನು ಕರೆದು ಹೇಳಿದರು. "ಯಾವ ಮಾವ ಸೊಸೆಗೆ ಇಷ್ಟು ಮಾಡ್ತಾರೆ?" ಎಂದವರೇ ಎಲ್ಲರೂ. ನಾನೂ ಹಾಗೆ ಅಂದವಳೇ.

ಅದೇ ವಾರ ಸಂಗ್ರಹಪಾಲಕರ ಕಾಯಂ ಹುದ್ದೆಗೆ ಅರ್ಜಿ ಕರೆದರು. ತನ್ನ ಹೆಸರಿನಲ್ಲಿ ಕಡೇಪಕ್ಷ ಒಂದು ಲೇಖನವಾದರೂ ಅಚ್ಚಿಗೆ ಒಪ್ಪಿಗೆಯಾಗಿರಬೇಕು ಎಂಬುದು ನಿಯಮ. ಅವಳು ನಿರ್ದೇಶಕರ ಬಳಿ ಹೋಗಿ ವಿಚಾರಿಸಿದಳು.

"ನಿಮ್ಮ ಹೆಸರಿನ ಕಣಜ ಬರ್ತಾ ಇದೆಯಂತೆ, ಸಂತೋಷ. ಆದ್ರೆ ಅದು ಗೌರವ ಕಣಮ್ಮಾ, ಅರ್ಹತೆ ಅಲ್ಲ" ಎಂದರು ಅವರು.

ಕೆಳಗೆ ಬಂದು ಅವಳು ಲೇಖನ ತೆರೆದಳು. ಹುಳದ ಹೆಸರು ಅಳಿಸಿ, ಐದು ಗಂಟಿನದು ಎಂಬ ಅರ್ಥದ ಲ್ಯಾಟಿನ್ ಪದ ಹಾಕಿದಳು. ಲೇಖಕರ ಸಾಲಿನಲ್ಲಿ ಮಾವನ ಹೆಸರಿನ ಪಕ್ಕ ತನ್ನದನ್ನು ಸೇರಿಸಿದಳು. ಮಧ್ಯಾಹ್ನ ಅವರು, "ಕಳಿಸೋ ಮೊದಲು ಒಂದ್ಸಲ ಪೂರ್ತಿ ಓದಿಬಿಡು" ಎಂದರು. ಅವಳು ಓದಿದಳು. ಪರದೆಯ ಮೇಲೆ ಎರಡು ಹೆಸರಿತ್ತು, ಬಾಯಲ್ಲಿ ಒಂದೇ ಬಂತು. ಹುಳದ ಹೆಸರನ್ನೂ ಹಳೆಯದನ್ನೇ ಓದಿದಳು. ಅವರು ತಲೆದೂಗಿ, "ಕಳಿಸು" ಎಂದರು.

ಅವಳಿಂದ ಕಳಿಸಲಾಗಲಿಲ್ಲ. ಮೂರು ದಿನ ಅದು ಹಾಗೆಯೇ ಬಿದ್ದಿತ್ತು. ಊಟದ ಹೊತ್ತಿನಲ್ಲಿ ನನ್ನ ಹತ್ತಿರ ಎಲ್ಲವನ್ನೂ ಹೇಳಿದ್ದು ಆಗಲೇ, ಕಣ್ಣಿನ ಗುಟ್ಟನ್ನೂ ಸೇರಿಸಿ. "ಕಳಿಸಿದ್ರೆ ಕುರುಡರಿಗೆ ಮೋಸ ಮಾಡ್ದೆ ಅಂತ ಆಗುತ್ತೆ. ಬಿಟ್ರೆ ನಾನು ಇದೇ ಸ್ಟೂಲಿನ ಮೇಲೆ ಮುದುಕಿ ಆಗ್ತೀನಿ" ಎಂದಳು.

ನಾಲ್ಕನೆಯ ದಿನ ಮಾವನ ಎದುರು ಕೂತು, "ನಾನು ಸುಳ್ಳು ಓದ್ದೆ" ಎಂದುಬಿಟ್ಟಳು. ಇದ್ದುದನ್ನು ಇದ್ದ ಹಾಗೆ ಓದಿದಳು. ಅವರು ಮೇಜಿನ ಅಂಚನ್ನು ಸವರಿದರು.

"ಇಷ್ಟು ವರ್ಷ ಒಬ್ಬನೇ ಬರೆದೋನು ಈಗ ಯಾಕೆ ಇಬ್ಬರು ಅಂತ ಜನ ಕೇಳಲ್ವಾ? ನನಗೆ ಕಾಣಲ್ಲ ಅಂತ ಊರಿಗೆಲ್ಲ ಹೇಳ್ತೀಯಾ?"

"ನಿಮಗೆ ಕಾಣಲ್ಲ ಅಂತ ನಾನು ಹೇಳಲ್ಲ ಮಾವ. ನಾನು ನೋಡಿದೆ ಅಂತ ಹೇಳ್ತೀನಿ. ಅಷ್ಟೇ."

ಅವರು ಎದ್ದು, ಗೋಡೆ ಹಿಡಿದು, ತಾವೊಬ್ಬರೇ ಮೆಟ್ಟಿಲು ಹತ್ತಿ ಹೋದರು. ಹದಿನೈದು ದಿನ ಕೋಣೆಗೆ ಬರಲಿಲ್ಲ. ಮನೆಯಲ್ಲಿ ಯಾರೂ ಅವಳ ಜೊತೆ ನೆಟ್ಟಗೆ ಮಾತಾಡಲಿಲ್ಲ. "ಒಂದು ಹೆಸರಿಗೆ ಇಷ್ಟು ರಾದ್ಧಾಂತವಾ? ಅಪ್ಪ ಕೊಟ್ಟದ್ದನ್ನ ತಲೆ ಬಗ್ಗಿಸಿ ತಗೊಂಡಿದ್ರೆ ಏನಾಗ್ತಿತ್ತು?" ಎಂದ ಗಂಡ. ಮಾವ ಮಗನಿಗೂ ಕಣ್ಣಿನ ವಿಷಯ ಹೇಳಿರಲಿಲ್ಲ, ಅವಳೂ ಹೇಳಲಿಲ್ಲ.

ಹದಿನಾರನೆಯ ದಿನ ಅವರು ಬಸ್ಸಿಗೆ ಅವಳ ಜೊತೆ ಹೊರಟರು. ಕೋಣೆಗೆ ಬಂದು ಕುರ್ಚಿಯಲ್ಲಿ ಕೂತು, "ಕಳಿಸು. ನನ್ನ ಹೆಸರು ಮೊದಲಿರಲಿ" ಎಂದರು.

ಲೇಖನ ಒಪ್ಪಿಗೆಯಾಗಿ ಬರುವಷ್ಟರಲ್ಲಿ ಅರ್ಜಿಯ ದಿನ ದಾಟಿ ಎರಡು ತಿಂಗಳಾಗಿತ್ತು. ಹೊರಗಿನಿಂದ ಬಂದ ಒಬ್ಬರಿಗೆ ಹುದ್ದೆ ಸಿಕ್ಕಿತು. ಒಳ್ಳೆಯ ಮನುಷ್ಯ. ಆದರೆ ಚಿಟ್ಟೆಗಳ ತಜ್ಞ, ಇಷ್ಟು ಸಣ್ಣ ಹುಳು ಮುಟ್ಟಿದವನಲ್ಲ. ರಟ್ಟಿಗೆ ಅಂಟಿಸುವುದನ್ನು ಅವಳೇ ಅವನಿಗೆ ಕಲಿಸಿದಳು. ಕಣಜಕ್ಕೆ ಸೊಸೆಯ ಹೆಸರು ಯಾಕೆ ಇಡಲಿಲ್ಲ ಎಂದು ಯಾರಾದರೂ ಕೇಳಿದರೆ ಮಾವ, "ಅವಳೇ ಬೇಡ ಅಂದಳು" ಎನ್ನುತ್ತಿದ್ದರು. ಆ ಮಾತಿನಲ್ಲಿ ಇನ್ನೂ ಮುಳ್ಳಿತ್ತು.

ಲೇಖನ ಅಚ್ಚಾದ ಪತ್ರಿಕೆ ಅಂಚೆಯಲ್ಲಿ ಬಂದಾಗ ಲಕೋಟೆ ಬಿಡಿಸಿ ದಾಖಲೆಗೆ ಏರಿಸಿದವಳು ನಾನು. ಕೆಳಗೆ ಒಯ್ದು ಕೊಟ್ಟೆ. ಅವಳು ಲೇಖನದ ಪುಟ ತೆರೆದು ಅದರ ಮೇಲೆ ಕೈಯಿಟ್ಟಳು. ಆಮೇಲೆ ಕುರ್ಚಿಯಲ್ಲಿದ್ದ ಮಾವ, "ಲೇಖಕರ ಸಾಲು ಓದು" ಎಂದರು. ಅವಳು ಎರಡು ಹೆಸರನ್ನೂ ಓದಿದಳು. "ಹ್ಞೂಂ" ಎಂದರು ಅವರು. "ಇನ್ನು ಆ ಬಾಗಿಲು ಹಾಕು, ಗಾಳಿ ಬರ್ತಾ ಇದೆ."

ಅವಳು ಎದ್ದು ಹೋಗಿ ಬಾಗಿಲು ಹಾಕಿದಳು.