ಬಿಳಿ ಪುಡಿಯ ಬಗ್ಗೆ ನಾನು ಹೇಳಿದ ಸುಳ್ಳು

ಬೆಳ್ತಂಗಡಿ ತಾಲೂಕಿನ ನೆರಿಯ ಗ್ರಾಮದಲ್ಲಿ ನನ್ನದು ಎರಡು ಎಕರೆ ರಂಬುಟಾನ್ ತೋಟ, ಮೈತುಂಬ ಮೆತ್ತನೆ ಕೂದಲಿರುವ ಕೆಂಪು ಹಣ್ಣಿನದು. ಬೆಳ್ತಂಗಡಿ, ಬಂಟ್ವಾಳ, ಮೂಡುಬಿದಿರೆ ಕಡೆಯ ಹಣ್ಣು ಬೆಳೆಗಾರರು ಸೇರಿ ಮಾಡಿಕೊಂಡ ಒಂದು ವಾಟ್ಸ್ಯಾಪ್ ಗುಂಪು ಉಂಟು. ಅದಕ್ಕೆ ದಿನಾ ಬೆಳಿಗ್ಗೆ ನಾಲ್ಕು ಸಾಲು ಬರೆಯುವುದು ನನ್ನ ರೂಢಿಯಾಗಿತ್ತು. ಇವತ್ತು ಮೋಡ, ಘಟ್ಟದ ಬುಡದಲ್ಲಿ ಮಳೆ ಬರಬಹುದು, ಪೇರಳೆಗೆ ಹಣ್ಣುನೊಣ ಶುರುವಾಗಿದೆ, ಬಲೆ ಕಟ್ಟಿಕೊಳ್ಳಿ, ಹೀಗೆ. ಯಾರೂ ನನಗೆ ಈ ಕೆಲಸ ಒಪ್ಪಿಸಿದ್ದಲ್ಲ. ಆದರೆ ಒಂದು ದಿನ ಬರೆಯದಿದ್ದರೆ ಶಿರ್ತಾಡಿಯ ಒಬ್ಬ ಬೆಳೆಗಾರರಿಂದ ಫೋನ್ ಬರುತ್ತಿತ್ತು: "ಎಂತ ಮಾರಾಯ್ರೇ, ಹುಷಾರಿಲ್ವಾ?" ಆ ಫೋನ್ ಬರಲಿ ಎಂದೇ ಕೆಲವು ದಿನ ನಾನು ಬರೆಯದೆ ಸುಮ್ಮನಿದ್ದದ್ದೂ ಉಂಟು.

ನನ್ನ ಮನೆಯಿಂದ ಅರ್ಧ ಮೈಲಿ ದೂರದಲ್ಲಿ ಒಬ್ಬ ಬ್ಯಾರಿ ಮುಸ್ಲಿಂ ಹೆಂಗಸಿನ ತೋಟ. ಗಂಡ ದುಬೈಯಲ್ಲಿ. ರಬ್ಬರ್ ಕಡಿಸಿದ ಜಾಗದಲ್ಲಿ ಏನು ನೆಡುವುದೆಂದು ಅವರು ಕೇಳಿದಾಗ ರಂಬುಟಾನ್ ನೆಡಿ ಎಂದವನು ನಾನೇ. ಗುಂಡಿಯ ಅಳತೆ ಹೇಳಿಕೊಟ್ಟೆ, ಕೊಂಬೆ ಸವರುವುದು ತೋರಿಸಿದೆ. ಅವರು ನನ್ನನ್ನು ಅಣ್ಣ ಎನ್ನುತ್ತಿದ್ದರು, ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ಅವರು ಐದು ವರ್ಷ ಕಾದ ಮೇಲೆ, ನಾನು ಸುಳ್ಳು ಹೇಳಿದ ಆ ಬೇಸಿಗೆಯಲ್ಲಿ ಅವರ ನಲವತ್ತು ಮರಗಳೂ ಮೊದಲ ಸಲ ಒಟ್ಟಿಗೆ ಹೂ ಬಿಟ್ಟಿದ್ದವು.

ಮಾರ್ಚಿನಲ್ಲಿ ಎರಡು ದಿನ ಕಾಲವಲ್ಲದ ಮಳೆ ಬಂತು. ಆಮೇಲೆ ಬೆಳಿಗ್ಗೆ ಹೊತ್ತು ಮಂಜು, ಮಧ್ಯಾಹ್ನ ಉರಿಬಿಸಿಲು. ಒಂದು ಮಂಗಳವಾರ ನನ್ನ ತೋಟದ ಕೆಳಗಿನ ಸಾಲಿನಲ್ಲಿ ಎಳೆಕಾಯಿಗಳ ಕೂದಲ ಮೇಲೆ ಅಕ್ಕಿಹಿಟ್ಟು ಚೆಲ್ಲಿದ ಹಾಗೆ ಬಿಳಿ ಕಂಡಿತು. ಬೂದಿರೋಗ. ಸುಮ್ಮನೆ ಬಿಟ್ಟರೆ ಕಾಯಿ ಕಪ್ಪಾಗಿ ಉದುರುತ್ತದೆ. ಕಂಡ ಕೂಡಲೇ ಗಂಧಕ ಹೊಡೆದರೆ ಮುಕ್ಕಾಲು ಪಾಲು ಉಳಿಯುತ್ತದೆ.

ಮುಂದಿನ ಭಾನುವಾರ ಗುಂಪಿನವರು ನನ್ನ ತೋಟ ನೋಡಲು ಬರುವವರಿದ್ದರು. ಸರಿಯಾಗಿ ಕೊಂಬೆ ಸವರಿ ಗಾಳಿ ಬೆಳಕು ಬಿಟ್ಟರೆ ರೋಗ ಹತ್ತಿರ ಸುಳಿಯುವುದಿಲ್ಲ ಎಂದು ನಾನು ವರ್ಷವಿಡೀ ಬರೆದಿದ್ದೆ. ರೋಗ ಕಂಡ ಆ ಮಂಗಳವಾರ ಬೆಳಿಗ್ಗೆಯೇ ನಾನೊಬ್ಬನೇ ಪಂಪು ಬೆನ್ನಿಗೇರಿಸಿ ಗಂಧಕ ಹೊಡೆದೆ. ಆಮೇಲೆ ಕೈ ತೊಳೆದು ಗುಂಪಿಗೆ ಬರೆದೆ: "ಮಳೆಯಿಂದ ರಂಬುಟಾನ್‌ಗೆ ತೊಂದರೆ ಇಲ್ಲ. ಆತಂಕ ಬೇಡ."

ಬುಧವಾರ ಆ ಅಕ್ಕ ಒಂದು ಫೋಟೋ ಕಳಿಸಿದರು, ಗುಂಪಿಗಲ್ಲ, ನನಗೊಬ್ಬನಿಗೇ. ಜೊತೆಗೆ ಧ್ವನಿ ಸಂದೇಶ: "ಅಣ್ಣ, ಕಾಯಿಯಲ್ಲಿ ಬಿಳಿ ಪುಡಿ ಹಾಗೆ ಕಾಣ್ತದೆ. ಇದು ಎಂತ? ಏನಾದ್ರೂ ಹೊಡೀಬೇಕಾ?"

ಫೋಟೋ ಸ್ಪಷ್ಟವಾಗಿತ್ತು. ಹೌದು ಎಂದರೆ ಅವರು ಹತ್ತು ಜನರಿಗೆ ಹೇಳುತ್ತಾರೆ, ಭಾನುವಾರ ಬಂದವರೆಲ್ಲ ನನ್ನ ಮರದಲ್ಲೂ ಅದನ್ನೇ ಹುಡುಕುತ್ತಾರೆ ಎಂದು ಲೆಕ್ಕ ಹಾಕಿದೆ. "ಅದು ಹೂವಿನ ಧೂಳು ಅಕ್ಕ, ತನ್ನಷ್ಟಕ್ಕೆ ಹೋಗ್ತದೆ" ಎಂದುಬಿಟ್ಟೆ. ಭಾನುವಾರ ಕಳೆದ ಮೇಲೆ ಹೇಳಿದರಾಯಿತು ಎಂದು ನನಗೇ ಸಮಾಧಾನ ಹೇಳಿಕೊಂಡೆ.

ಭಾನುವಾರ ಜನ ಬಂದರು, ಶರಬತ್ತು ಕುಡಿದರು, ಮರಗಳ ಜೊತೆ ಫೋಟೋ ತೆಗೆಸಿಕೊಂಡರು. ಆ ಅಕ್ಕನೂ ಬಂದಿದ್ದರು. ಎಲ್ಲರೂ ಮೇಲಿನ ಸಾಲಿನಲ್ಲಿದ್ದಾಗ ಅವರು ಕೆಳಗಿನ ಸಾಲಿಗೆ ಹೋಗಿ ಒಂದು ಎಲೆಯನ್ನು ಬೆರಳಿಂದ ಉಜ್ಜಿ ಮೂಸಿ ನೋಡಿದರು. ನಾನು ಹತ್ತಿರ ಹೋದೆ.

"ಗಂಧಕದ ವಾಸನೆ ಉಂಟಲ್ಲ ಅಣ್ಣ. ಯಾವಾಗ ಹೊಡೆದದ್ದು?"

ಆಗ ಮಾತ್ರ ಸುಳ್ಳು ಬಾಯಿಗೆ ಬರಲಿಲ್ಲ. "ಮಂಗಳವಾರ" ಎಂದೆ.

ಅವರು ನನ್ನ ಮುಖ ನೋಡಲಿಲ್ಲ. ಎಲೆಯನ್ನು ಹಾಗೇ ಬಿಟ್ಟು ಶಾಲನ್ನು ತಲೆಗೆ ಸರಿಮಾಡಿಕೊಂಡು ರಸ್ತೆಯ ಕಡೆ ನಡೆದರು. ಅಂದೇ ಸಂಜೆ ಅವರು ಗಂಧಕ ಹೊಡೆಸಿದರಂತೆ. ಅಷ್ಟರಲ್ಲಿ ರೋಗ ಎಲ್ಲ ಮರಕ್ಕೂ ಹತ್ತಿತ್ತು. ಏಪ್ರಿಲಿನಲ್ಲಿ ಆ ದಾರಿಯಾಗಿ ಹೋಗುವಾಗ ಅವರ ಮರದಡಿ ಕಾಳುಮೆಣಸು ಹರವಿದ ಹಾಗೆ ಕಪ್ಪು ಕಾಯಿಗಳು ಬಿದ್ದದ್ದನ್ನು ಕಂಡೆ. ಬೈಕ್ ನಿಲ್ಲಿಸುವ ಧೈರ್ಯ ಬರಲಿಲ್ಲ. ಪೇಟೆಗೆ ಹೋಗಲು ಬೇರೆ ದಾರಿ ಹಿಡಿದೆ.

ಜುಲೈಯಲ್ಲಿ ನನ್ನ ಹಣ್ಣು ಕೊಯ್ಲಾಗುವಾಗ ತಡೆಯಲಾಗಲಿಲ್ಲ. ಬರಿಗೈಯಲ್ಲಿ ಅವರ ಮನೆಗೆ ಹೋದೆ. ಹಣ್ಣು ತೆಗೆದುಕೊಂಡು ಹೋಗುವುದು ಇನ್ನೂ ನಾಚಿಕೆಗೇಡು ಅನಿಸಿತ್ತು. ಅವರು ಜಗಲಿಯಲ್ಲಿ ಕೂತು ಉಳಿದ ಸ್ವಲ್ಪ ಹಣ್ಣನ್ನು ಬೇರೆ ಮಾಡುತ್ತಿದ್ದರು. ಕೂದಲು ಮೊಂಡಾದ ಸಣ್ಣ ಹಣ್ಣುಗಳು.

"ಅಕ್ಕ, ನನಗೆ ಗೊತ್ತಿತ್ತು. ಗೊತ್ತಿದ್ದೇ ಸುಳ್ಳು ಹೇಳಿದೆ. ತಪ್ಪಾಯಿತು."

"ಅದು ನನಗೆ ಅವತ್ತೇ ಗೊತ್ತಾಯಿತು" ಎಂದರು. ಕೈ ನಿಲ್ಲಿಸಲಿಲ್ಲ. "ಆ ಸುಳ್ಳು ಯಾಕೆ ಅಂತ ಮಾತ್ರ ಗೊತ್ತಾಗಲಿಲ್ಲ. ನಾನು ನಿಮಗೆ ಎಂತ ಮಾಡಿದ್ದೆ?"

"ನೀವು ಎಂತದೂ ಮಾಡಿರಲಿಲ್ಲ. ತೋಟ ನೋಡಲು ಜನ ಬರುವವರಿದ್ದರಲ್ಲ, ಅದಕ್ಕೆ." ಹೇಳುವಾಗಲೇ ಕಾರಣ ಎಷ್ಟು ಸಣ್ಣದೆಂದು ನನಗೇ ಕೇಳಿಸಿತು.

ಅವರು ಕೈಯಲ್ಲಿದ್ದ ಹಣ್ಣನ್ನು ಒಂದು ಬದಿಗೆ ಹಾಕಿದರು. ಮತ್ತೆ ಹೇಳಿದರು: "ನನ್ನ ಹತ್ತಿರ ಮಾತ್ರ ಹೇಳಿದರೆ ಹೇಗೆ? ಆತಂಕ ಬೇಡ ಅಂತ ಎಲ್ಲರಿಗೂ ಬರೆದಿದ್ರಲ್ಲ. ಬಂಟ್ವಾಳದ ಕಡೆಯೂ ಇಬ್ಬರು ಅದನ್ನು ನಂಬಿ ಕೂತಿದ್ದರು."

ಒಳಗೆ ಹೋಗಿ ಚಹಾ ತಂದುಕೊಟ್ಟರು. ಬೇಡ ಎನ್ನಲು ನನಗೆ ಹಕ್ಕಿರಲಿಲ್ಲ, ಕುಡಿದೆ.

ಗುಂಪಿಗೆ ಬರೆಯಲು ಮೂರು ದಿನ ಹಿಡಿಯಿತು. ನನ್ನ ತೋಟದಲ್ಲಿ ರೋಗ ಕಂಡ ದಿನ, ಔಷಧಿ ಹೊಡೆದ ದಿನ, ಎಲ್ಲರಿಗೂ ಸುಳ್ಳು ಬರೆದ ದಿನ ಮೂರೂ ಒಂದೇ ಎಂದು ಬರೆದೆ. ಬೈಗುಳಕ್ಕೆ ತಯಾರಾಗಿ ಕೂತಿದ್ದೆ. ಬಂಟ್ವಾಳದ ಒಬ್ಬರು ಗುಂಪು ಬಿಟ್ಟರು. ಉಳಿದವರು ಕೈಮುಗಿದ ಚಿತ್ರ ಹಾಕಿದರು. ಮಿಜಾರಿನ ಒಬ್ಬರಂತೂ "ಇಷ್ಟು ಪ್ರಾಮಾಣಿಕರು ಈ ಕಾಲದಲ್ಲಿ ಎಲ್ಲಿ ಸಿಗ್ತಾರೆ" ಎಂದು ಬರೆದರು. ಅದನ್ನು ಓದಿದಾಗ ಆದಷ್ಟು ನಾಚಿಕೆ ನನಗೆ ಆ ಎಲೆಯ ಮುಂದೆ ನಿಂತಾಗಲೂ ಆಗಿರಲಿಲ್ಲ.

ಬೆಳಗಿನ ನಾಲ್ಕು ಸಾಲು ಬರೆಯುವುದನ್ನು ಬಿಟ್ಟಿದ್ದೇನೆ. ಆ ಅಕ್ಕ ಬಸ್ಸಿನಲ್ಲಿ ಸಿಕ್ಕರೆ ಮಾತಾಡುತ್ತಾರೆ, ಮಳೆ ಹೇಗೆ, ಫಸಲು ಹೇಗೆ ಎಂದು ಕೇಳುತ್ತಾರೆ. ಆದರೆ ಮರದಲ್ಲಿ ಏನಾದರೂ ಕಂಡರೆ ಈಗ ಒಂದು ಕೊಂಬೆ ಮುರಿದು ಚೀಲದಲ್ಲಿ ಹಾಕಿಕೊಂಡು ಬೆಳ್ತಂಗಡಿಯ ತೋಟಗಾರಿಕೆ ಕಚೇರಿಗೆ ಹೋಗುತ್ತಾರೆ. ಎರಡು ಬಸ್ಸು ಬದಲಿಸಬೇಕು. ನನ್ನ ಗೇಟಿನ ಮುಂದಿನಿಂದಲೇ ಹೋಗುತ್ತಾರೆ.